ಮಂಗನ ಕಾಯಿಲೆಯ ಸಂಶೋಧನಾ ಪ್ರಬಂಧಗಳನ್ನು ಹುಡುಕಿ, ಮಾಹಿತಿ ಹೆಕ್ಕಿ ಕೊಡುವ ತಂತ್ರಾಂಶ ಯಾವುದು?

ತುಂಗಾತೀರ (ಪ್ರಶ್ನೆ)

ನಾನು ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಪ್ರೌಢಪ್ರಬಂಧದ ವಿಷಯ ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ನಮ್ಮ ಮಲೆನಾಡಿನ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕಾಡಿನಲ್ಲಿ ಪತ್ತೆಯಾದಂದಿನಿಂದ ಇಲ್ಲಿಯವರೆಗೆ ಪ್ರಕಟವಾಗಿರುವುದನ್ನೆಲ್ಲ ನೋಡಿ ಒಂದು ಕೋಷ್ಟಕ ಮಾಡಿಕೊಂಡು ಬಾ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ವರ್ಷ, ಊರು, ಎಷ್ಟು ಪ್ರಕರಣ, ಎಷ್ಟು ಸಾವು, ಯಾವ ಜಾತಿಯ ಉಣುಗು, ರೋಗಿಗಳು ಲಸಿಕೆ ಹಾಕಿಸಿಕೊಂಡಿದ್ದರೇ ಇಲ್ಲವೇ, ಇವಿಷ್ಟು ಅದರಲ್ಲಿರಬೇಕು.

ವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಈ ಕಾಯಿಲೆಯ ಇಂಗ್ಲಿಷ್ ಹ್ರಸ್ವರೂಪ ಕೆಎಫ್‌ಡಿ ಎಂದು ಹಾಕಿದರೆ ಉಣುಗಿನ ಪ್ರಬಂಧಗಳ ನಡುವೆ ಜಪಾನ್, ಕೊರಿಯಾದ ಯುವತಿಯರ ಕುತ್ತಿಗೆಯಲ್ಲಿ ಬಾವು ಬಂದ ಗ್ರಂಥಿಗಳ ವರದಿಗಳು ಬಂದು ಕೂರುತ್ತವೆ. ಅದೇಕೆಂದು ಅರ್ಥವಾಗಲಿಲ್ಲ. ಆಮೇಲೆ ಒಂದು ಚಾಟ್‌ಬಾಟನ್ನು ಕೇಳಿದೆ. ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಸಮೇತ ಉಲ್ಲೇಖಗಳ ಪಟ್ಟಿಯನ್ನೇ ಕೊಟ್ಟಿತು. ಅದು ಕೊಟ್ಟ ಪಿಎಂಐಡಿ (ಪಬ್‌ಮೆಡ್ ಪ್ರತಿ ಪ್ರಬಂಧಕ್ಕೆ ಕೊಡುವ ಗುರುತು) ಸಂಖ್ಯೆಗಳನ್ನು ಹಾಕಿ ನೋಡಿದರೆ ತೆರೆದುಕೊಂಡದ್ದು ಮಂಗನ ಕಾಯಿಲೆಗೆ ಸಂಬಂಧವೇ ಇಲ್ಲದ ಪ್ರಬಂಧಗಳು. ಕೆಲವು ಶೀರ್ಷಿಕೆಗಳಂತೂ ಎಲ್ಲಿಯೂ ಇಲ್ಲ.

ಪಬ್‌ಟೇಟರ್, ಯುರೋಪ್ ಪಿಎಂಸಿ, ರಯಾನ್, ಎಎಸ್‌ರಿವ್ಯೂ ಎಂಬ ಹೆಸರುಗಳನ್ನು ಕೇಳಿದ್ದೇನೆ. ಯಾವುದರಿಂದ ಶುರು ಮಾಡಲಿ? ಪಿಡಿಎಫ್‌ಗಳನ್ನು ಹಾಕಿದರೆ ಮೇಲಿನ ಕೋಷ್ಟಕವನ್ನು ತಾನೇ ತುಂಬಿ ಕೊಡುವಂಥದ್ದು ಇದೆಯೇ? ನಮ್ಮದು ಖಾಸಗಿ ಕಾಲೇಜು, ಚಂದಾ ಕಟ್ಟುವ ನಿಯತಕಾಲಿಕೆಗಳು ಕಡಿಮೆ. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳುವ ಸ್ಥಿತಿಯೂ ಇಲ್ಲ. ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದು.

ಕೋಡುಬಳೆ

ಚಾಟ್‌ಬಾಟನ್ನು ಉಲ್ಲೇಖ ಕೊಡು ಎಂದು ಕೇಳಿದ್ದು ಸರಿಯಾದ ಬಳಕೆಯಲ್ಲ. ಪ್ರಬಂಧಗಳನ್ನು ನೀವೇ ಇಳಿಸಿಕೊಂಡು ಅದಕ್ಕೆ ಒಪ್ಪಿಸಿ, "ಇದರೊಳಗಿಂದ ಮಾತ್ರ ಉತ್ತರಿಸು" ಎಂದು ತಾಕೀತು ಮಾಡಿ. ನಾನು ಕಚೇರಿಯಲ್ಲಿ ಒಪ್ಪಂದ ಪತ್ರಗಳಿಂದ ದಿನಾಂಕ, ಮೊತ್ತಗಳನ್ನು ಹೀಗೆಯೇ ತೆಗೆಸುತ್ತೇನೆ. ಬೇಕಾದ ಕಾಲಂಗಳನ್ನು ಹೇಳಿದರೆ ಎಕ್ಸೆಲ್ ಹಾಳೆಯನ್ನೇ ಕೊಡುತ್ತದೆ. ಕೆಲವು ನೂರು ಪ್ರಬಂಧಗಳೆಂದರೆ ಒಂದು ಮಧ್ಯಾಹ್ನದ ಕೆಲಸ. ಪಬ್‌ಮೆಡ್, ಅದರ ಮೆಶ್ ವಿಷಯಪದಗಳು ಇವೆಲ್ಲ ಹಳೆಯ ಕಾಲದ ಪದ್ಧತಿ. ಅದರಲ್ಲಿ ವರ್ಷ ಕಳೆಯಬೇಡಿ.

ಕಪಾಟಿನ ಕಾವಲು

ನಾನು ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕಿ. ಪ್ರೌಢಪ್ರಬಂಧ ಸಲ್ಲಿಸುವ ತಿಂಗಳು ಬಂತೆಂದರೆ ಈ ಪ್ರಶ್ನೆ ಹೊತ್ತು ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತದೆ. ಕೋಡುಬಳೆಯವರ ಒಪ್ಪಂದ ಪತ್ರಗಳಿಗೂ 1950ರ ದಶಕದ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ಗೂ ಇರುವ ಅಂತರ ಸಣ್ಣದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹುಡುಕಾಟ ಸರಿಯಾಗಲಿ. ಹುಡುಕಿ ತಾರದ ಪ್ರಬಂಧದಿಂದ ಯಾವ ತಂತ್ರಾಂಶವೂ ಏನನ್ನೂ ಹೆಕ್ಕುವುದಿಲ್ಲ.

ಆ ಯುವತಿಯರ ಗ್ರಂಥಿಗಳು ಎಲ್ಲಿಂದ ಬಂದವು ಎಂದರೆ, 1972ರಲ್ಲಿ ಕಿಕುಚಿ ಮತ್ತು ಫುಜಿಮೊಟೊ ಎಂಬ ಇಬ್ಬರು ಜಪಾನಿನಲ್ಲಿ ಬೇರೆ ಬೇರೆಯಾಗಿ ವರ್ಣಿಸಿದ ದುಗ್ಧಗ್ರಂಥಿಯ ಕಾಯಿಲೆಯೊಂದಿದೆ. ಕಿಕುಚಿ-ಫುಜಿಮೊಟೊ ಡಿಸೀಸ್. ಅದರ ಹ್ರಸ್ವರೂಪವೂ ಕೆಎಫ್‌ಡಿಯೇ. ಪಬ್‌ಮೆಡ್‌ಗೆ ನೀವು ಕೊಟ್ಟದ್ದು ಮೂರಕ್ಷರ, ಅದು ಎರಡು ಕಾಯಿಲೆಗಳನ್ನೂ ತಂದು ಸುರಿಯಿತು. ಮಾಹಿತಿ ಹೆಕ್ಕುವ ಯಂತ್ರಗಳು ಎಡವುವುದೂ ಇಲ್ಲಿಯೇ. ಹ್ರಸ್ವರೂಪವನ್ನು ತಪ್ಪಾಗಿ ಬಿಡಿಸಿಕೊಂಡರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಹಾಗೆಂದು "ನಾಟ್ ಕಿಕುಚಿ" (ಕಿಕುಚಿ ಇರುವುದು ಬೇಡ) ಎಂದು ಹಾಕಬೇಡಿ. ವಿದ್ಯಾರ್ಥಿಗಳು ಎಲ್ಲಕ್ಕಿಂತ ಮೊದಲು ಮಾಡುವುದು ಅದನ್ನೇ. ನಾಟ್ ಎಂಬುದು ಬೇಡದ್ದರ ಜೊತೆಗೆ ಬೇಕಾದದ್ದನ್ನೂ ಸದ್ದಿಲ್ಲದೆ ಹೊರಹಾಕುತ್ತದೆ. ಹೊರಗೆ ಹೋದದ್ದು ಏನೆಂದು ನಿಮಗೆ ತಿಳಿಯುವುದೇ ಇಲ್ಲ. ಅದರ ಬದಲು ಸೂತ್ರವನ್ನು ಹೀಗೆ ಕಟ್ಟಿ. ಮೊದಲ ಆವರಣದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯ ಮೆಶ್ ಪದ. ಎರಡನೆಯದರಲ್ಲಿ ಶೀರ್ಷಿಕೆ ಮತ್ತು ಸಾರಾಂಶಗಳಲ್ಲಿ ಕ್ಯಾಸನೂರು ಎಂಬ ಒಂದೇ ಪದ. ಲೋಕದಲ್ಲಿ ಇನ್ನಾವುದಕ್ಕೂ ಆ ಹೆಸರಿಲ್ಲವಾದ್ದರಿಂದ ನೀವು ಅದೃಷ್ಟವಂತರು. ಮೂರನೆಯದರಲ್ಲಿ ಕೆಎಫ್‌ಡಿ, ಆದರೆ ಒಂಟಿಯಾಗಿ ಅಲ್ಲ. ಉಣುಗು, ಮಂಗ, ಹೀಮಾಫೈಸಾಲಿಸ್ (ಈ ಉಣುಗಿನ ಕುಲದ ಹೆಸರು), ಕರ್ನಾಟಕ ಇವುಗಳಲ್ಲಿ ಒಂದಾದರೂ ಜೊತೆಗಿರಬೇಕೆಂಬ ಆ್ಯಂಡ್ ಕಟ್ಟು. ನಾಲ್ಕನೆಯದರಲ್ಲಿ ಇಂಗ್ಲಿಷಿನ ಮಂಕಿ ಫೀವರ್, ಮಂಕಿ ಡಿಸೀಸ್. ಈ ನಾಲ್ಕನ್ನೂ ಆರ್‌ನಿಂದ (ಯಾವುದಾದರೂ ಒಂದು ಇದ್ದರೆ ಸಾಕು) ಬೆಸೆಯಿರಿ.

ಮೆಶ್ ಹಳೆಯ ಕಾಲದ್ದು ಎಂಬ ಮಾತಿಗೆ ಒಂದೆರಡು ಸಾಲು. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಪ್ರತಿ ಪ್ರಬಂಧಕ್ಕೂ ವಿಷಯಪದಗಳ ಚೀಟಿ ಅಂಟಿಸುತ್ತದೆ. ಆ ಪದಪಟ್ಟಿಯೇ ಮೆಶ್. ದಶಕಗಳ ಕಾಲ ಪರಿಣತರು ಓದಿ ಅಂಟಿಸುತ್ತಿದ್ದರು, 2022ರಿಂದ ಕಂಪ್ಯೂಟರ್ ಅಂಟಿಸುತ್ತದೆ, ಆಯ್ದ ಕೆಲವನ್ನು ಮನುಷ್ಯರು ನೋಡುತ್ತಾರೆ. ಶೀರ್ಷಿಕೆಯಲ್ಲಿ ಕ್ಯಾಸನೂರು ಎಂದೇ ಇಲ್ಲದೆ "ಉಣುಗಿನಿಂದ ಹರಡುವ ರಕ್ತಸ್ರಾವ ಜ್ವರ" ಎಂದಷ್ಟೇ ಇರುವ ಪ್ರಬಂಧವನ್ನು ನಿಮಗೆ ಹುಡುಕಿ ಕೊಡುವುದು ಆ ಚೀಟಿ. ಆದರೆ ತೀರ ಹೊಸ ದಾಖಲೆಗಳಿಗೆ ಚೀಟಿ ಇನ್ನೂ ಬಿದ್ದಿರುವುದಿಲ್ಲ, ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್‌ಗೆ ಸೇರದ ಪತ್ರಿಕೆಗಳಿಗೆ ಬೀಳುವುದೇ ಇಲ್ಲ. ಆದ್ದರಿಂದ ಎರಡೂ ದಾರಿ ಬೇಕು.

ಫಲಿತಾಂಶದ ಪುಟ ಬಂದ ಮೇಲೆ ಮೇಲ್ಭಾಗದಲ್ಲಿ "ಬೆಸ್ಟ್ ಮ್ಯಾಚ್" ಎಂದಿರುತ್ತದೆ. ಓದುಗರು ಹಿಂದೆ ಏನನ್ನು ಒತ್ತಿದ್ದಾರೆ ಎಂಬುದರಿಂದ ಕಲಿತು ಯಂತ್ರ ಜೋಡಿಸಿದ ಸರಣಿ ಅದು. ಊಟಕ್ಕೆ ಹೋಗುವ ಮುನ್ನ ಒಂದು ಒಳ್ಳೆಯ ಪ್ರಬಂಧ ಬೇಕಾದವರಿಗೆ ಚೆನ್ನ. ನಿಮಗೆ ಬೇಕಿರುವುದು ಎಲ್ಲವೂ. ಪ್ರಕಟಣೆಯ ದಿನಾಂಕಕ್ಕೆ ಬದಲಿಸಿ, ಹಳೆಯದರಿಂದ ಓದುತ್ತ ಬನ್ನಿ.

ಇನ್ನು ಹಳೆಯ ಪ್ರಬಂಧಗಳು. ಮೆಡ್‌ಲೈನ್‌ನಲ್ಲಿ 1975ಕ್ಕಿಂತ ಹಿಂದಿನ ದಾಖಲೆಗಳಿಗೆ ಸಾಮಾನ್ಯವಾಗಿ ಸಾರಾಂಶವೇ ಇಲ್ಲ. ಶೀರ್ಷಿಕೆ, ಲೇಖಕರು, ಪುಟ ಇಷ್ಟೇ. ಮಂಗನ ಕಾಯಿಲೆಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರ 1952ರಲ್ಲಿ ಐಸಿಎಂಆರ್ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನದ ಆಶ್ರಯದಲ್ಲಿ ಶುರುವಾಯಿತು, 1978ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ ಆಯಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸಾಗರ, ಸೊರಬದ ಕಾಡಿನಲ್ಲಿ ಉಣುಗು ಹಿಡಿದು, ಸತ್ತ ಮಂಗಗಳನ್ನು ಕೊಯ್ದು ಕಂಡುಕೊಂಡದ್ದರಲ್ಲಿ ಬಹುಪಾಲು ಈ ಸಾರಾಂಶವಿಲ್ಲದ ಕಾಲಕ್ಕೆ ಸೇರಿದ್ದು. ಸಾರಾಂಶ ಓದಿ ಕೆಲಸ ಮಾಡುವ ಯಾವ ಸಾಧನಕ್ಕಾದರೂ ನಿಮ್ಮ ಕಾಯಿಲೆಯ ಮೊದಲ ಎರಡು ದಶಕ ಎಂದರೆ ಬರೀ ಶೀರ್ಷಿಕೆಗಳ ಪಟ್ಟಿ. ಅಷ್ಟೇ ಅಲ್ಲ, ಆ ಕಾಲದವರು ಈ ವೈರಾಣುವನ್ನು "ರಷ್ಯನ್ ಸ್ಪ್ರಿಂಗ್-ಸಮ್ಮರ್" ಗುಂಪಿನದು ಎಂದು ಗುರುತಿಸಿದ್ದರು. ಹುಡುಕು ಪದಗಳಲ್ಲಿ ಅದನ್ನೂ ಸೇರಿಸಿ, ಭಾರತ ಎಂಬ ಪದದೊಂದಿಗೆ ಕಟ್ಟಿ. ಇಲ್ಲದಿದ್ದರೆ ಸೈಬೀರಿಯವೆಲ್ಲ ಬಂದು ಬೀಳುತ್ತದೆ.

ಪಬ್‌ಟೇಟರ್ ವಿಚಾರ. ಅದು ಪಬ್‌ಮೆಡ್‌ನವರದೇ ಸಾಧನ. ಸಾರಾಂಶಗಳಲ್ಲಿ, ಮುಕ್ತ ಪ್ರವೇಶದ ಪೂರ್ಣ ಪಠ್ಯಗಳಲ್ಲಿ ಆರು ಬಗೆಯ ವಸ್ತುಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ: ಜೀನ್, ರೋಗ, ರಾಸಾಯನಿಕ, ಜೀವಿಪ್ರಭೇದ, ಜೀನ್ ವ್ಯತ್ಯಯ, ಕೋಶಸಾಲು. 2024ರಲ್ಲಿ ಬಂದ ಮೂರನೆಯ ಆವೃತ್ತಿ ಸುಮಾರು 3.6 ಕೋಟಿ ಸಾರಾಂಶಗಳನ್ನೂ 60 ಲಕ್ಷ ಪೂರ್ಣ ಪಠ್ಯಗಳನ್ನೂ ಹೀಗೆ ಗುರುತು ಹಾಕಿ ಇಟ್ಟುಕೊಂಡಿದೆ. ರೋಗದ ಪಟ್ಟಿಯಿಂದ ಕ್ಯಾಸನೂರು ಆರಿಸಿ, ಪ್ರಭೇದದ ಪಟ್ಟಿಯಿಂದ ಹೀಮಾಫೈಸಾಲಿಸ್ ಸ್ಪಿನಿಜೆರಾ ಆರಿಸಿದರೆ ಎರಡೂ ಒಟ್ಟಿಗೆ ಬರುವ ಪ್ರಬಂಧಗಳನ್ನು ಕೊಡುತ್ತದೆ. ಆ ಕೆಲಸಕ್ಕೆ ಇದು ಸೊಗಸಾಗಿದೆ, ಉಣುಗಿನ ಹೆಸರನ್ನು "ಎಚ್. ಸ್ಪಿನಿಜೆರಾ" ಎಂದು ಚಿಕ್ಕದಾಗಿ ಬರೆದಿದ್ದರೂ ಅದೇ ಜೀವಿಯೆಂದು ಜೋಡಿಸಲು ನೋಡುತ್ತದೆ. ಆದರೆ ನಿಮ್ಮ ಕೋಷ್ಟಕವನ್ನು ನೋಡಿಕೊಳ್ಳಿ. ಊರು ಆ ಆರರಲ್ಲಿಲ್ಲ. ಪ್ರಕರಣಗಳ ಸಂಖ್ಯೆ ಇಲ್ಲ, ಸಾವು ಇಲ್ಲ, ವರ್ಷ ಇಲ್ಲ. ಕ್ಯಾನ್ಸರಿನ ಜೀನ್‌ಗಳ ಬೆನ್ನು ಹತ್ತಿದವರಿಗಾಗಿ ಹುಟ್ಟಿದ ಸಾಧನ ಅದು, ಸಾಗರ ತಾಲ್ಲೂಕಿನ ಅರಳಗೋಡಿನಂಥ ಊರಿನ ಪ್ರಕರಣಗಳ ಲೆಕ್ಕ ಇಡುವುದಕ್ಕಲ್ಲ.

ಊರಿನ ಹೆಸರುಗಳಿಗೆ ನೀವೇ ಪಟ್ಟಿ ಮಾಡಿಕೊಳ್ಳಬೇಕು. 2014ರ ನವೆಂಬರ್ 1ಕ್ಕೆ ಮುಂಚಿನ ಪ್ರಬಂಧಗಳಲ್ಲಿ ಶಿಮೊಗ, ಈಚೆಗಿನವುಗಳಲ್ಲಿ ಶಿವಮೊಗ್ಗ, ಕೆಲವರದು ಈಗಲೂ ಶಿಮೊಗವೇ. ಸಾಗರ, ಸೊರಬ, ತೀರ್ಥಹಳ್ಳಿಗಳನ್ನು ಇಂಗ್ಲಿಷಿನಲ್ಲಿ ಕೊನೆಯ ಸ್ವರ ಹಾಕಿ ಒಬ್ಬರು, ಬಿಟ್ಟು ಒಬ್ಬರು, ಎಚ್ ಸೇರಿಸಿ ಇನ್ನೊಬ್ಬರು ಬರೆಯುತ್ತಾರೆ. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗ ಬೇಕು.

ರಯಾನ್, ಎಎಸ್‌ರಿವ್ಯೂ ಎರಡೂ ಶೀರ್ಷಿಕೆ-ಸಾರಾಂಶ ನೋಡಿ "ಬೇಕು, ಬೇಡ" ವಿಂಗಡಿಸಲು. ಹತ್ತು ಸಾವಿರ ದಾಖಲೆಗಳಿದ್ದರೆ ಉಟ್ರೆಕ್ಟ್ ವಿಶ್ವವಿದ್ಯಾಲಯದವರ ಎಎಸ್‌ರಿವ್ಯೂ ನಿಜಕ್ಕೂ ಉಪಕಾರಿ. ನಿಮ್ಮ ಆಯ್ಕೆಗಳಿಂದ ಕಲಿತು ಸಂಬಂಧಪಟ್ಟವನ್ನು ಮೇಲಕ್ಕೆ ತರುತ್ತದೆ. ನಿಮ್ಮದು ಕೆಲವು ನೂರು. ಒಬ್ಬ ಸ್ನೇಹಿತರನ್ನು ಕೂರಿಸಿಕೊಂಡು ಇಬ್ಬರೂ ಬೇರೆ ಬೇರೆಯಾಗಿ ರಯಾನ್‌ನಲ್ಲಿ ನೋಡಿ, ಭಿನ್ನಾಭಿಪ್ರಾಯ ಇದ್ದವನ್ನು ಚರ್ಚಿಸಿದರೆ ಮುಗಿಯಿತು.

ಹೊಳೆದಾಟಿದವ

ಮೇಲಿನವರು ಹೇಳಿದ್ದಕ್ಕೆ ತಾಂತ್ರಿಕವಾಗಿ ಸ್ವಲ್ಪ ಸೇರಿಸುತ್ತೇನೆ. ನಾನು ಇಂಗ್ಲೆಂಡಿನಲ್ಲಿ ಪಠ್ಯ ಗಣಿಗಾರಿಕೆಯ ಕೆಲಸದಲ್ಲಿದ್ದೇನೆ, ಊರು ಹೊಸನಗರದ ಕಡೆ.

ಪಿಡಿಎಫ್‌ಗಿಂತ ಮೊದಲು ಎಕ್ಸ್‌ಎಂಎಲ್ (ಪ್ರತಿ ಭಾಗಕ್ಕೂ ಯಂತ್ರ ಓದುವ ಗುರುತು ಹಾಕಿದ ಪಠ್ಯ) ಇದೆಯೇ ನೋಡಿ. ಪಬ್‌ಮೆಡ್ ಸೆಂಟ್ರಲ್‌ನ ಮುಕ್ತ ಪ್ರವೇಶ ವಿಭಾಗದಲ್ಲಿ, ಹಾಗೆಯೇ ಹಿಂಕ್ಸ್‌ಟನ್‌ನ ಯುರೋಪ್ ಪಿಎಂಸಿಯಲ್ಲಿ, ಪ್ರಬಂಧಗಳ ಪೂರ್ಣ ಪಠ್ಯ ಎಕ್ಸ್‌ಎಂಎಲ್ ರೂಪದಲ್ಲಿ ಸಿಗುತ್ತದೆ. ಅದರಲ್ಲಿ ಕೋಷ್ಟಕ ಕೋಷ್ಟಕವಾಗಿಯೇ ಇರುತ್ತದೆ: ಸಾಲು, ಕಾಲಂ, ತಲೆಬರಹ ಎಲ್ಲ. ಪಿಡಿಎಫ್‌ನಲ್ಲಿ ಇರುವುದು ಪುಟದ ಮೇಲೆ ಯಾವ ಅಕ್ಷರ ಎಲ್ಲಿ ಕೂರಬೇಕೆಂಬ ಸೂಚನೆ ಮಾತ್ರ. ಎರಡು ಕಾಲಂನ ಪುಟದಲ್ಲಿ ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಅಂಟಿಕೊಂಡು ಬರುವುದು ಅದಕ್ಕೇ. ಗ್ರೋಬಿಡ್ ಎಂಬ ಉಚಿತ ತಂತ್ರಾಂಶ ಶೀರ್ಷಿಕೆ, ಲೇಖಕರು, ಉಲ್ಲೇಖಗಳನ್ನು ಪಿಡಿಎಫ್‌ನಿಂದ ಚೆನ್ನಾಗಿ ಬಿಡಿಸುತ್ತದೆ. ಕೋಷ್ಟಕಗಳಿಗೆ ಟ್ಯಾಬ್ಯುಲಾ ಇದೆ, ಆದರೆ ಪುಟದಲ್ಲಿ ನಿಜವಾದ ಅಕ್ಷರಗಳಿದ್ದರೆ ಮಾತ್ರ. ಸ್ಕ್ಯಾನ್ ಮಾಡಿದ ಹಳೆಯ ಪುಟ ಅದಕ್ಕೆ ಬರೀ ಚಿತ್ರ. ಒಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವುದು) ಮಾಡಿಸಿದರೆ 1 ಎಂಬ ಅಂಕಿ ಎಲ್ ಅಕ್ಷರವಾಗುವುದು, 3 ಮತ್ತು 8 ಅದಲುಬದಲಾಗುವುದು ಉಂಟು. ಸಾವಿನ ಕಾಲಂನಲ್ಲಿ 3 ಹೋಗಿ 8 ಬಂದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಯುರೋಪ್ ಪಿಎಂಸಿಯ ಇನ್ನೊಂದು ಅನುಕೂಲ: ಪ್ರಬಂಧದ ಯಾವ ಭಾಗದಲ್ಲಿ ಪದ ಇರಬೇಕೆಂದು ಹೇಳಿ ಹುಡುಕಬಹುದು. ಕ್ಯಾಸನೂರು ಎಂಬುದು ವಿಧಾನ ಅಥವಾ ಫಲಿತಾಂಶದ ಭಾಗದಲ್ಲಿದ್ದರೆ ಆ ಪ್ರಬಂಧ ನಿಜವಾಗಿಯೂ ಅದರ ಮೇಲೆ ಕೆಲಸ ಮಾಡಿರುವ ಸಾಧ್ಯತೆ ಹೆಚ್ಚು. ಪೀಠಿಕೆಯಲ್ಲಿ ಮಾತ್ರ ಇದ್ದರೆ, ಡೆಂಗಿಯ ಬಗ್ಗೆ ಬರೆಯುತ್ತ "ಇಂಥವೂ ಇವೆ" ಎಂದು ಹೆಸರು ಹೇಳಿ ಮುಂದೆ ಹೋಗಿರುತ್ತಾರೆ. ಪೀಠಿಕೆಯನ್ನು ಹೊರಗಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಂಗನ ಕಾಯಿಲೆಯ ಹೆಚ್ಚುಕಡಿಮೆ ಎಲ್ಲ ಈಚಿನ ಪ್ರಬಂಧಗಳ ಮೊದಲ ಪರಿಚ್ಛೇದದಲ್ಲಿ "ವರ್ಷಕ್ಕೆ 400ರಿಂದ 500 ಪ್ರಕರಣ, ಸಾವಿನ ಪ್ರಮಾಣ ಶೇ. 3ರಿಂದ 5" ಎಂಬ ಸಾಲು ಇರುತ್ತದೆ. ಒಬ್ಬರಿಂದೊಬ್ಬರು ಎತ್ತಿಕೊಂಡು ಬಂದದ್ದು. ಹೆಕ್ಕುವ ಯಂತ್ರ ಅದನ್ನು ಪ್ರತಿ ಪ್ರಬಂಧದ ಸ್ವಂತ ಫಲಿತಾಂಶವೆಂದು ಬಗೆದು ನಿಮ್ಮ ಕೋಷ್ಟಕದ ತುಂಬ ಸುರಿಯುತ್ತದೆ. ನೋಡಿದರೆ ಹತ್ತಾರು ಅಧ್ಯಯನಗಳು ಒಮ್ಮತಕ್ಕೆ ಬಂದಂತೆ ಕಾಣುತ್ತದೆ.

ಮುಂದೆ ಎಂದಾದರೂ ಪ್ರೋಗ್ರಾಂ ಬರೆಯುವ ಮನಸ್ಸಾದರೆ ಪಬ್‌ಮೆಡ್ ನಡೆಸುವ ಎನ್‌ಸಿಬಿಐಯವರ ಇ-ಯುಟಿಲಿಟೀಸ್ ಇವೆ, ಪ್ರೋಗ್ರಾಂ ಮೂಲಕ ದಾಖಲೆ ಕೇಳಿ ತರಿಸಿಕೊಳ್ಳಲು. ಕೀ ಇಲ್ಲದೆ ಸೆಕೆಂಡಿಗೆ 3 ಕೋರಿಕೆ, ಉಚಿತ ಕೀ ಪಡೆದರೆ 10. ನಿಮ್ಮ ಗಾತ್ರದ ಕೆಲಸಕ್ಕೆ ಅದೂ ಬೇಡ. ಪಬ್‌ಮೆಡ್ ಪುಟದಿಂದಲೇ ಒಂದು ಸಲಕ್ಕೆ 10,000 ದಾಖಲೆಗಳವರೆಗೆ ಇಳಿಸಿಕೊಳ್ಳಬಹುದು. ಉಲ್ಲೇಖಗಳನ್ನು ಜೋಡಿಸಿಡುವ ಉಚಿತ ತಂತ್ರಾಂಶ ಜೊಟೆರೊಗೆ ಹಾಕಿ ನಕಲುಗಳನ್ನು ತೆಗೆಯಿರಿ.

ಕೋಡುಬಳೆ

ಪೀಠಿಕೆಯ ಸಾಲಿನ ಮಾತು ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ. ಆದರೂ "ಈ ಸಂಖ್ಯೆ ಈ ಪ್ರಬಂಧದ ಸ್ವಂತದ್ದೇ, ಬೇರೆಯವರದೇ? ಮೂಲ ವಾಕ್ಯವನ್ನು ಹಾಗೆಯೇ ಪಕ್ಕದ ಕಾಲಂನಲ್ಲಿ ಹಾಕು" ಎಂದು ಕೇಳಬಹುದಲ್ಲ? ವಾಕ್ಯವನ್ನು ಪಿಡಿಎಫ್‌ನಲ್ಲಿ ಹುಡುಕಿ ಇದೆಯೋ ಇಲ್ಲವೋ ನೋಡುವುದು ಸುಲಭ.

ದನದ ಡಾಕ್ಟರು

ಪಶುವೈದ್ಯ ಇಲಾಖೆಯಲ್ಲಿದ್ದವನು, ಈಗ ನಿವೃತ್ತ. ಮಂಗ ಸತ್ತಿದೆ ಎಂದು ಫೋನ್ ಬಂದರೆ ಓಡಬೇಕಾದವರು ನಾವೇ ಆಗಿದ್ದೆವು.

ತಂತ್ರಾಂಶ ನನಗೆ ತಿಳಿಯದು, ಪ್ರಾಣಿಗಳ ಹೆಸರು ತಿಳಿಯುತ್ತದೆ. ಹಳೆಯ ಪ್ರಬಂಧಗಳಲ್ಲಿ ಮುಸಿಯನನ್ನು ಪ್ರೆಸ್‌ಬೈಟಿಸ್ ಎಂಟೆಲಸ್ ಎಂದು ಬರೆದಿರುತ್ತಾರೆ. ಇಂದು ಅದನ್ನು ಸೆಮ್ನೊಪಿತೆಕಸ್ ಕುಲಕ್ಕೆ ಸೇರಿಸಿದ್ದಾರೆ. ಕೆಂಪು ಮೂತಿಯ ಮಂಗ ಮಾತ್ರ ಅಂದಿಗೂ ಇಂದಿಗೂ ಮಕಾಕಾ ರೇಡಿಯಾಟಾ. ಹೊಸ ಹೆಸರು ಹಾಕಿ ಹುಡುಕಿದರೆ ಹಳೆಯ ಮುಸಿಯಗಳೆಲ್ಲ ಹೊರಗೆ ಉಳಿಯುತ್ತವೆ. ಉಣುಗಿನದೂ ಹಾಗೆಯೇ, ಸ್ಪಿನಿಜೆರಾ ಒಂದನ್ನೇ ಹಿಡಿದುಕೊಳ್ಳಬೇಡಿ. ಟರ್ಟುರಿಸ್ ಮೊದಲಾದ ಹೀಮಾಫೈಸಾಲಿಸ್ ಜಾತಿಗಳಿಂದಲೂ ವೈರಾಣುವನ್ನು ಬೇರ್ಪಡಿಸಿದ್ದಾರೆ.

ಇನ್ನೊಂದು ಮಾತು. ಪ್ರಕರಣ ಮತ್ತು ಸಾವಿನ ಲೆಕ್ಕದಲ್ಲಿ ದೊಡ್ಡ ಪಾಲು ನಿಯತಕಾಲಿಕೆಗಳಿಗೆ ಹೋಗಿಯೇ ಇಲ್ಲ. ಅದು ಇಲಾಖೆಯ ವರದಿಗಳಲ್ಲಿ, ಐಡಿಎಸ್‌ಪಿಯ (ಸರ್ಕಾರದ ರೋಗ ಕಣ್ಗಾವಲು ಕಾರ್ಯಕ್ರಮ) ವಾರದ ವರದಿಗಳಲ್ಲಿ, ಪುಣೆಯವರ ವಾರ್ಷಿಕ ವರದಿಗಳಲ್ಲಿ ಇದೆ. ಪಬ್‌ಮೆಡ್ ಅದನ್ನು ನೋಡಿಲ್ಲ. ಪ್ರೊಮೆಡ್ ಎಂಬ ಜಾಲತಾಣದಲ್ಲಿ ಪತ್ರಿಕಾ ವರದಿಗಳ ಮೇಲೆ ತಜ್ಞರ ಟಿಪ್ಪಣಿ ಇರುತ್ತದೆ, 1994ರಿಂದ ನಡೆಯುತ್ತಿದೆ, ಅಲ್ಲಿಯೂ ನೋಡಿ. ಪ್ರಬಂಧ ಬರೆಯುವವರು ಕಾಯಿಲೆ ಜೋರಾದ ವರ್ಷ ಬರುತ್ತಾರೆ. ನವೆಂಬರಿನಿಂದ ಮೇವರೆಗೆ ಊರೊಳಗೆ ಇಬ್ಬರು ಮೂವರಿಗೆ ಬಂದು ಹೋದ ವರ್ಷಗಳ ಬಗ್ಗೆ ಯಾರೂ ಬರೆಯುವುದಿಲ್ಲ. ನಿಮ್ಮ ಕೋಷ್ಟಕದಲ್ಲಿ ಖಾಲಿ ಇರುವ ವರ್ಷ ಕಾಯಿಲೆ ಇಲ್ಲದ ವರ್ಷವೆಂದು ತಿಳಿಯಬೇಡಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಗ್ರಂಥಪಾಲಕಿಯವರ ಸೂತ್ರ ಹಾಕಿದೆ, ಗ್ರಂಥಿಗಳ ಕಾಟ ತಪ್ಪಿತು. ಪಬ್‌ಟೇಟರ್‌ನಲ್ಲಿಯೂ ನೋಡಿದೆ, ಬಣ್ಣ ಬಣ್ಣವಾಗಿ ಚೆನ್ನಾಗಿದೆ.

ಕೋಡುಬಳೆಯವರು ಹೇಳಿದಂತೆ ಲಸಿಕೆಯ ಕೆಲವು ಪ್ರಬಂಧಗಳನ್ನು ಒಂದು ಭಾಷಾಮಾದರಿಗೆ ಕೊಟ್ಟು ಮೂಲ ವಾಕ್ಯ ಸಮೇತ ತೆಗೆಸಿದೆ. ವಾಕ್ಯಗಳು ನಿಜವಾಗಿಯೂ ಪ್ರಬಂಧದಲ್ಲಿವೆ. ಆದರೆ "ಲಸಿಕೆಯ ಪರಿಣಾಮ" ಎಂಬ ಕಾಲಂನಲ್ಲಿ 1994ರ ಪ್ರಬಂಧಕ್ಕೆ 93.5, 2013ರದಕ್ಕೆ 82.9 ಎಂದು ಬಂದಿದೆ. ಹಾಗಾದರೆ ಲಸಿಕೆಯ ಶಕ್ತಿ ಇಪ್ಪತ್ತು ವರ್ಷಗಳಲ್ಲಿ ಹತ್ತು ಶೇಕಡ ಕುಗ್ಗಿತು ಎಂದು ಬರೆಯಬಹುದೇ? ಮತ್ತೊಂದು ಪ್ರಶ್ನೆ, ಊರಿನ ಕಾಲಂನಲ್ಲಿ ಚೀನಾದ ಯುನ್ನಾನ್ ಬಂದಿದೆ. ಇದು ಯಂತ್ರದ ಕಟ್ಟುಕಥೆಯೇ?

ಕಪಾಟಿನ ಕಾವಲು

ಬರೆಯಬಾರದು. ಆ ಎರಡು ಪ್ರಬಂಧಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ನೋಡಿ. 1994ರದು ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಪರೀಕ್ಷೆ. ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5. 2013ರಲ್ಲಿ ಪಿಎಲ್‌ಓಎಸ್‌ನ ಉಪೇಕ್ಷಿತ ಉಷ್ಣವಲಯ ಕಾಯಿಲೆಗಳ ಪತ್ರಿಕೆಯಲ್ಲಿ ಬಂದದ್ದು 2005ರಿಂದ 2010ರವರೆಗೆ ವಾಡಿಕೆಯಂತೆ ಹಾಕಿದ ಲಸಿಕೆಯ ಲೆಕ್ಕ. ಅಲ್ಲಿ ಎರಡು ಡೋಸಿಗೆ ಶೇ. 62.4, ಅದರ ಮೇಲೆ ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9, ಒಂದೇ ಡೋಸಿನಿಂದ ಏನೂ ಪ್ರಯೋಜನ ಕಾಣಲಿಲ್ಲ. ನಿಮ್ಮ ಮಾದರಿ ಎರಡೂ ಕಡೆ ದೊಡ್ಡ ಅಂಕಿಯನ್ನು ಎತ್ತಿಕೊಂಡಿದೆ. ಎರಡು ಡೋಸಿನ ಫಲವನ್ನು ಬೂಸ್ಟರಿನ ಫಲದ ಎದುರು ನಿಲ್ಲಿಸಿದೆ. ಮೂಲ ವಾಕ್ಯ ಎರಡೂ ಕಡೆ ಇದೆ, ಪರಿಶೀಲನೆಯಲ್ಲಿ ಎರಡೂ ಪಾಸಾಗುತ್ತವೆ, ಕೋಷ್ಟಕ ಮಾತ್ರ ತಪ್ಪು. ಎರಡು ಡೋಸಿಗೆ ಎರಡು ಡೋಸನ್ನೇ ಎದುರಿಟ್ಟರೆ 93.5 ಮತ್ತು 62.4. ಆಗಲೂ ಒಂದು ನಿಗಾ ಇಟ್ಟ ಪರೀಕ್ಷೆ, ಇನ್ನೊಂದು ದಿನನಿತ್ಯದ ಕಾರ್ಯಕ್ರಮ. ಲಸಿಕೆ ಕುಗ್ಗಿತೆಂದು ಹೇಳಲು ಅಷ್ಟೇ ಸಾಲದು.

ಆದ್ದರಿಂದ ಕೋಷ್ಟಕವನ್ನು ಒಡೆಯಿರಿ. "ಲಸಿಕೆಯ ಪರಿಣಾಮ" ಎಂಬ ಒಂದು ಕಾಲಂ ಬೇಡ. ಡೋಸ್ ಎಷ್ಟು, ಬೂಸ್ಟರ್ ಉಂಟೇ, ಯಾರೊಂದಿಗೆ ಹೋಲಿಸಿದರು, ಯಾವ ವರ್ಷಗಳು, ಪರೀಕ್ಷೆಯೋ ಕಾರ್ಯಕ್ರಮವೋ, ಆಮೇಲೆ ಸಂಖ್ಯೆ. ಈ ಕಾಲಂಗಳನ್ನು ನೀವು ಓದದೆ ತೀರ್ಮಾನಿಸಲಾಗುವುದಿಲ್ಲ. ಹತ್ತು ಪ್ರಬಂಧಗಳನ್ನು ಪೆನ್ನು ಹಿಡಿದು ತುಂಬಿ, ಆಮೇಲೆ ಅದೇ ಹತ್ತನ್ನು ಯಂತ್ರಕ್ಕೆ ಕೊಟ್ಟು ಎಲ್ಲೆಲ್ಲಿ ಬೇರೆಯಾಯಿತು ನೋಡಿ. ಬೇರೆಯಾದ ಕಾಲಂಗಳನ್ನು ಕೊನೆಯವರೆಗೂ ಕೈಯಲ್ಲೇ ತುಂಬಿ, ಉಳಿದದ್ದನ್ನು ಅದು ತುಂಬಲಿ, ನೀವು ತಿದ್ದಿ. ಕೋಡುಬಳೆಯವರ ಮೂಲ ವಾಕ್ಯದ ಕಾಲಂ ಒಳ್ಳೆಯದೇ, ಅದನ್ನು ಉಳಿಸಿಕೊಳ್ಳಿ.

ಯುನ್ನಾನ್ ಕಟ್ಟುಕಥೆಯಲ್ಲ. 2009ರಲ್ಲಿ ಅಲ್ಲಿನ ಜ್ವರದ ರೋಗಿಯೊಬ್ಬರಿಂದ ಬಂದ ವೈರಾಣು ಇದೇ ಎಂಬ ವರದಿ ಪ್ರಕಟವಾಗಿದೆ. ಅದರ ಜೀನೋಮ್ 1957ರ ನಮ್ಮ ಮೂಲ ಮಾದರಿಯನ್ನು ಬಹುತೇಕ ಹೋಲುತ್ತಿತ್ತು. ಕಾಡಿನಲ್ಲಿ ದಶಕಗಳ ಕಾಲ ಓಡಾಡಿದ ವೈರಾಣು ಅಷ್ಟು ಬದಲಾಗದೆ ಇರುವುದುಂಟೇ, ಪ್ರಯೋಗಾಲಯದಲ್ಲಿ ಬೆರೆತುಹೋಯಿತೇ ಎಂಬ ಸಂದೇಹವನ್ನು ಬೇರೆಯವರು ಎತ್ತಿದರು. ಆ ಸಂದೇಹ ಆ ಪ್ರಬಂಧದೊಳಗೆ ಇಲ್ಲ, ಅದನ್ನು ಉಲ್ಲೇಖಿಸಿದ ಪ್ರಬಂಧಗಳಲ್ಲಿದೆ. ಪಬ್‌ಮೆಡ್ ಪುಟದ ಕೆಳಗೆ "ಸೈಟೆಡ್ ಬೈ" ಎಂದಿರುವುದನ್ನು ಒತ್ತಿದರೆ ಸಿಗುತ್ತದೆ. ಮುಖ್ಯವಾದ ಪ್ರತಿ ಪ್ರಬಂಧಕ್ಕೂ ಹೀಗೆ ಮುಂದಕ್ಕೊಮ್ಮೆ, ಅದರ ಉಲ್ಲೇಖಪಟ್ಟಿ ಹಿಡಿದು ಹಿಂದಕ್ಕೊಮ್ಮೆ ನಡೆಯಿರಿ. ಸಾರಾಂಶವಿಲ್ಲದ ಹಳೆಯ ಪ್ರಬಂಧಗಳು ಕೈಗೆ ಸಿಗುವುದೂ ಹೆಚ್ಚಾಗಿ ಈ ದಾರಿಯಲ್ಲೇ.

ಕೋಡುಬಳೆಯವರು ನನ್ನನ್ನು ಯಂತ್ರದ್ವೇಷಿ ಎಂದುಕೊಂಡಾರು, ಹಾಗಾಗಿ ಒಂದು ಹೆಮ್ಮೆಯ ವಿಷಯ ಹೇಳಿಬಿಡುತ್ತೇನೆ. ಪ್ರಬಂಧಗಳನ್ನು ಜೋಡಿಸಿ ಯಾರೂ ಬರೆಯದ ಸಂಗತಿಯನ್ನು ಹೊರತೆಗೆಯಬಹುದೆಂದು ಮೊದಲು ತೋರಿಸಿದವರು ಶಿಕಾಗೊ ವಿಶ್ವವಿದ್ಯಾಲಯದ ಡಾನ್ ಸ್ವಾನ್ಸನ್. ಅವರು ವೈದ್ಯರಲ್ಲ, ನಮ್ಮ ಗ್ರಂಥಾಲಯ ವಿಜ್ಞಾನದವರು. ಮೀನೆಣ್ಣೆ ರಕ್ತದ ಸ್ನಿಗ್ಧತೆಯನ್ನು ಇಳಿಸುತ್ತದೆ ಎಂದು ಒಂದು ಗುಂಪಿನ ಪ್ರಬಂಧಗಳು ಹೇಳುತ್ತಿದ್ದವು. ಬೆರಳು ಬಿಳಿಚಿಕೊಳ್ಳುವ ರೇನೊ ಕಾಯಿಲೆಯಲ್ಲಿ ಸ್ನಿಗ್ಧತೆ ಏರಿರುತ್ತದೆ ಎಂದು ಇನ್ನೊಂದು ಗುಂಪು. ಎರಡೂ ಗುಂಪುಗಳು ಒಂದನ್ನೊಂದು ಉಲ್ಲೇಖಿಸಿರಲಿಲ್ಲ. 1986ರಲ್ಲಿ ಸ್ವಾನ್ಸನ್ ಎರಡನ್ನೂ ಸೇರಿಸಿ ಬರೆದರು, 1989ರಲ್ಲಿ ಬಂದ ಚಿಕಿತ್ಸಾ ಪರೀಕ್ಷೆಯೊಂದು ಅದಕ್ಕೆ ಬೆಂಬಲ ಕೊಟ್ಟಿತು. ಇಂದಿನ ಸಾಧನಗಳೆಲ್ಲ ಆ ವಂಶದವು.

ಪೂರ್ಣ ಪಠ್ಯದ ಬಗ್ಗೆ: ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ 2025ರ ಜನವರಿ 1ರಿಂದ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿದೆ. ಖಾಸಗಿ ಕಾಲೇಜು ಎಂದಿರಿ, ಹಾಗಾಗಿ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ನಿಮ್ಮ ಗ್ರಂಥಪಾಲಕರಿಂದ ಒಂದು ಪತ್ರ ತೆಗೆದುಕೊಂಡು ಹೋಗಿ. ಹೋಗುವ ಮುನ್ನ ಸಾರಾಂಶವಿಲ್ಲದವುಗಳ ಪಟ್ಟಿಯನ್ನು ಸಂಪುಟ, ಪುಟಸಂಖ್ಯೆ ಸಮೇತ ಮಾಡಿಕೊಂಡಿರಿ; ಕಟ್ಟಿಸಿಟ್ಟ ಹಳೆಯ ಸಂಪುಟಗಳನ್ನು ಸಿಬ್ಬಂದಿ ಒಳಗಿಂದ ತಂದುಕೊಡಬೇಕಾಗುತ್ತದೆ.

ಹುಡುಕಿದ ದಿನಾಂಕ, ಪೂರ್ತಿ ಸೂತ್ರ, ಬಂದ ಸಂಖ್ಯೆ ಈ ಮೂರನ್ನೂ ಪಬ್‌ಮೆಡ್‌ನ ಅಡ್ವಾನ್ಸ್ಡ್ ಪುಟದ ಇತಿಹಾಸದಿಂದ ಇಂದೇ ನಕಲು ಮಾಡಿಟ್ಟುಕೊಳ್ಳಿ. ಪ್ರಿಸ್ಮಾ ನಕ್ಷೆಗೆ (ಎಷ್ಟು ಪ್ರಬಂಧ ಸಿಕ್ಕಿತು, ಎಷ್ಟನ್ನು ಬಿಟ್ಟಿರಿ ಎಂದು ತೋರಿಸುವ ಚಿತ್ರ) ಮೌಲ್ಯಮಾಪಕರು ಕೇಳುವುದು ಅದನ್ನೇ, ಮತ್ತು ಆ ಇತಿಹಾಸ 8 ಗಂಟೆ ಸುಮ್ಮನಿದ್ದರೆ ಅಳಿಸಿಹೋಗುತ್ತದೆ.

ತುಂಗಾತೀರ

ಅಯ್ಯೋ, ಅಳಿಸಿಹೋಗಿದೆ. ಸೂತ್ರ ಇಲ್ಲಿಯೇ ಮೇಲೆ ಇರುವುದರಿಂದ ಮತ್ತೆ ಹಾಕುತ್ತಿದ್ದೇನೆ. ಯುನ್ನಾನ್ ಸಾಲನ್ನು ತೆಗೆದುಬಿಡಲೇ?

ಕಪಾಟಿನ ಕಾವಲು

ತೆಗೆಯಬೇಡಿ. ಪಕ್ಕದಲ್ಲಿ ಟಿಪ್ಪಣಿಯ ಕಾಲಂ ಮಾಡಿ, ಸಂದೇಹ ಎತ್ತಿದ ಪ್ರಬಂಧದ ಪಿಎಂಐಡಿ ಬರೆಯಿರಿ. ಆ ಸಂಖ್ಯೆಯನ್ನು ಒತ್ತಿ, ಅದೇ ಪ್ರಬಂಧ ತೆರೆಯುತ್ತದೆಯೇ ಎಂದು ನೋಡಿಯೇ ಬರೆಯಿರಿ.